ದ್ಯಾವಮ್ಮನ ಅರ್ಜಿ

ಸಿದ್ದಾಪುರದ ತಾಲೂಕು ಕಚೇರಿಯ ಎದುರು ಟೇಬಲ್ ಹಾಕಿಕೊಂಡು ಅರ್ಜಿ ಬರೆಯುವ ಶಾಂತಾರಾಮನಿಗೆ ಸೋಮವಾರದ ಮೊದಲ ಗಿರಾಕಿಯಾಗಿ ಬಂದವಳು ಪಕ್ಕದ ಮನೆಯ ದ್ಯಾವಮ್ಮ.

"ಪಂಚಾಯ್ತಿಗೊಂದು ಅರ್ಜಿ ಬರ್ಕೊಡು ತಮಾ. ಕಟ್ಟೋ ಕೆಲಸದ ಸದ್ದಿಗೆ ತಲೆ ಸಿಡೀತದೆ. ಕಣ್ಣಿನ ಆಪರೇಷನ್ ಆದೋಳು ನಾನು, ಮಧ್ಯಾಹ್ನ ಒಂದು ತಾಸು ಮಲಗೂಕಾಗೂದಿಲ್ಲ."

"ಯಾರ ಮೇಲೆ ದೊಡ್ಡಮ್ಮ?"

ದ್ಯಾವಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನೆಲ ನೋಡಿದಳು. "ಪಕ್ಕದ ಮನೆಯೋನು. ಹೆಸ್ರು ನನ್ನ ಬಾಯಲ್ಲಿ ಬ್ಯಾಡ. ನಿಂಗೆ ಗೊತ್ತೇ ಅದೆಯಲ್ಲ."

ಶಾಂತಾರಾಮ ಪೆನ್ನು ಕೆಳಗಿಟ್ಟ. ಪಕ್ಕದ ಮನೆಯವನೆಂದರೆ ತಾನೇ. ಬರುವ ಭಾನುವಾರ ಮಗಳು ಮೇಧಾಳ ನಿಶ್ಚಿತಾರ್ಥ ಹೊಸ ಜಗಲಿಯಲ್ಲೇ ಆಗಬೇಕು, ಟೈಲ್ಸ್ ಇನ್ನೂ ಅರ್ಧ ಬಾಕಿ.

ಆದರೆ ಒಲ್ಲೆನೆನ್ನುವುದು ಹೇಗೆ? ನೀರಿಲ್ಲದೆ ಕೆಲಸ ನಿಂತಾಗ ತನ್ನ ಬಾವಿಗೆ ಪೈಪು ಇಳಿಸಿಕೋ ಎಂದವಳು ಇದೇ ದ್ಯಾವಮ್ಮ. ಮರಳು ಸುರಿಯಲು ಅಂಗಳ ಕೊಟ್ಟವಳೂ ಅವಳೇ. ಈಗಲೂ ಹೆಸರನ್ನು ಮುಖಕ್ಕೆ ಹೇಳದೆ ತನ್ನ ಮರ್ಯಾದೆ ಉಳಿಸಿದಳಲ್ಲ ಎಂದು ಅವನ ಕಣ್ಣು ತುಂಬಿತು. ಎದುರುದಾರರ ಜಾಗದಲ್ಲಿ ತನ್ನ ಹೆಸರನ್ನೇ ಬರೆದ. ಮುಂದೆ ಪೆನ್ನು ಓಡಬೇಕಲ್ಲ. 'ತುಸು ಸದ್ದು ಕೇಳಿಸಿದಂತೆ ಭಾಸವಾಗುತ್ತದೆ' ಎಂದು ಬರೆದು ಮುಗಿಸಿದ.

ಪಕ್ಕದ ಝೆರಾಕ್ಸ್ ಅಂಗಡಿಯ ದಿನಕರ ಯಾವ ಕಾಗದವನ್ನೂ ಓದದೆ ಮೆಷಿನ್ನಿಗೆ ಹಾಕಿದವನಲ್ಲ. ದ್ಯಾವಮ್ಮ ಚಾ ಕುಡಿಯಲು ಹೋದದ್ದೇ ಶಾಂತಾರಾಮನ ಕಿವಿಗೆ ಬಾಯಿಟ್ಟ. "ನಿನ್ನ ಮೇಲೆ ನೀನೇ ಬರ್ದದ್ದು ದೊಡ್ಡ ಮಾತು ಮಾರಾಯ. ಆದ್ರೆ ಇದು ಮದುವೆ ಕಾಗದಕ್ಕಿಂತ ಮೆತ್ತಗದೆ. ಸ್ವಂತ ಮನೆ ಅಂತ ಕೈ ಬಿಗಿ ಹಿಡ್ದ ಅಂತ ಸುದ್ದಿಯಾದ್ರೆ ನಾಳಿಂದ ನಿನ್ನತ್ರ ಯಾರು ಬರ್ತಾರೆ?"

ಮಾತು ನಾಟಿತು. ಇಪ್ಪತ್ತು ವರ್ಷದಲ್ಲಿ ಶಾಂತಾರಾಮನ ಒಂದು ಅರ್ಜಿಯೂ ಬಿದ್ದುಹೋದದ್ದಿಲ್ಲ. ಹೊಸ ಹಾಳೆ ಎಳೆದುಕೊಂಡ. 'ಎಪ್ಪತ್ತೆರಡು ವರ್ಷದ ಅಬಲೆ', 'ಕಿವಿಗೆ ಕಾದ ಸೀಸ ಹೊಯ್ದಂತೆ' ಎಂದೆಲ್ಲ ಬರೆದ. 'ಎದುರುದಾರನ ಧನಮದ' ಎಂದು ಬರೆಯುವಾಗಲಂತೂ ಆ ಎದುರುದಾರನ ಮೇಲೆ ಅವನಿಗೇ ನಿಜವಾದ ಸಿಟ್ಟು ಬಂತು. ದ್ಯಾವಮ್ಮ ಹೆಬ್ಬೆಟ್ಟು ಒತ್ತಿದಳು. ಉಪಕಾರವಾಗಲೆಂದು ದಿನಕರನೇ ಅದನ್ನು ಪಂಚಾಯತಿಗೆ ಒಯ್ದು ಕೊಟ್ಟ.

ಮಧ್ಯಾಹ್ನದ ಹೊತ್ತು ಕಟಿಂಗ್ ಮೆಷಿನ್ ಹಾಕಬೇಡಿ ಎಂದು ಒಂದು ಮಾತು ಹೇಳಿ ಬಿಟ್ಟಾರೆಂದು ಶಾಂತಾರಾಮ ಲೆಕ್ಕ ಹಾಕಿದ್ದ. ಸಂಜೆ ಮನೆಗೆ ಬಂದರೆ ಗೇಟಿನ ಮೇಲೆ ನೋಟಿಸು: ಹದಿನೈದು ದಿನ ಕೆಲಸ ಬಂದ್. ಅರ್ಜಿ ಓದಿ ಸಾಹೇಬರು ಕಣ್ಣೊರೆಸಿಕೊಂಡರಂತೆ. ಕೆಲಸದವರು ಮೆಷಿನ್ ಹೊತ್ತುಕೊಂಡು ಹೋಗಿಯಾಗಿತ್ತು. ನಿಶ್ಚಿತಾರ್ಥವನ್ನು ಅರ್ಧ ನೆಲದ ಮೇಲೆ ಹೇಗೆ ಮಾಡುವುದೋ ತಿಳಿಯಲಿಲ್ಲ. ಆದರೂ ದೊಡ್ಡಮ್ಮನ ಋಣ ಒಂದಿಷ್ಟಾದರೂ ತೀರಿತಲ್ಲ ಎಂದುಕೊಂಡಾಗ ಮನಸ್ಸು ಹಗುರಾಯಿತು.

ಅಷ್ಟರಲ್ಲಿ ದ್ಯಾವಮ್ಮ ಹಲಸಿನ ಹಪ್ಪಳದ ಕಟ್ಟು ಹಿಡಿದು ಬಂದಳು.

"ನಿನ್ನ ಕೈ ತಣ್ಣಗಿರ್ಲಿ ತಮಾ. ಪಂಚಾಯ್ತಿಯೋರು ಓಣಿಗೆ ಕಾಲಿಟ್ಟದ್ದು ಕಂಡು ಅವ ಹೆದ್ರಿ ತಾನಾಗೇ ಮೆಷಿನ್ ನಿಲ್ಸಿಬಿಟ್ಟ. ಎರಡು ತಾಸು ಮಲಗ್ದೆ."

"ಯಾರು ನಿಲ್ಸಿದ್ದು?"

ದ್ಯಾವಮ್ಮ ತನ್ನ ಮನೆಯ ಆಚೆ ಬದಿಗೆ ಕೈ ತೋರಿಸಿದಳು. ಅಲ್ಲಿ ಆ ಪಕ್ಕದ ಮನೆಯವನ ಹೊಸ ಅಂಗಡಿಸಾಲು ಏಳುತ್ತಿತ್ತು. "ಅವನೇ, ನಮ್ಮ ಯಜಮಾನ್ರ ಹೆಸರಿನೋನು. ತೀರಿಹೋದ್ರೂ ಗಂಡನ ಹೆಸ್ರು ಬಾಯಲ್ಲಿ ಹೇಳೂಕಾಗ್ತದಾ?"

ತೀರಿಹೋದ ಯಜಮಾನರ ಹೆಸರು ಕೆರಿಯಪ್ಪ. ಅಂಗಡಿ ಕಟ್ಟಿಸುತ್ತಿದ್ದವನೂ ಕೆರಿಯಪ್ಪನೇ. ಶಾಂತಾರಾಮ ಗೇಟು ಹಿಡಿದುಕೊಂಡ.

"ಹಂಗಾರೆ ನಮ್ಮನೆ ಸದ್ದು, ದೊಡ್ಡಮ್ಮ?"

"ಅದೆಂತ ಸದ್ದು ತಮಾ, ನಮ್ಮ ಮೇಧಾನ ಶುಭಕಾರ್ಯದ್ದಲ್ವಾ?" ಎಂದವಳ ಕಣ್ಣು ನೋಟಿಸಿನ ಮೇಲೆ ಬಿತ್ತು. ಯಾರದೋ ಅರ್ಜಿಯಿಂದ ಕೆಲಸ ನಿಂತಿತೆಂದಷ್ಟೇ ಕೇಳಿ ತಿಳಿದು ಅವಳಿಗೆ ಅಳುವೇ ಬಂತು. ಕಣ್ಣೊರೆಸಿಕೊಂಡು ಶಾಂತಾರಾಮನ ಕೈ ಹಿಡಿದಳು.

"ಇಂಥ ಹೊತ್ತಲ್ಲಿ ಯಾವ ಮನೆಹಾಳ ನಿನ್ನ ಮೇಲೆ ಬರ್ದುಕೊಟ್ನಾ? ಅವನ್ನ ಸುಮ್ನೆ ಬಿಡೂದು ಬ್ಯಾಡ. ನಾಳೆ ಬೆಳಿಗ್ಗೆ ಬತ್ತೆ, ಅವನ ಮೇಲೂ ಒಂದು ಅರ್ಜಿ ಬರಿ. ಹೆಬ್ಬೆಟ್ಟು ನಾ ಒತ್ತತೆ."