ಅವ್ವನ ಬೋಗುಣಿಗಾಗಿ ಆಡಿದ ಆಟಗಳು

"ಜನವರಿ ೧೪. ಪಕ್ಕದ ಮನೆಯ ವೈನಿಗೆ ಹಿತ್ತಾಳೆ ಬೋಗುಣಿಯಲ್ಲಿ ಮಾದಲಿ ಕೊಟ್ಟೆ," ಎನ್ನುತ್ತದೆ ನನ್ನ ಹಳೆಯ ಡೈರಿ. ಬೋಗುಣಿ ಮರಳಿದ ಬಗ್ಗೆ ಮುಂದೆ ಎಲ್ಲೂ ಇಲ್ಲ. ರಾಯಬಾಗದ ನಮ್ಮ ಓಣಿಯಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ. ತಿನಿಸು ಬಂದ ಪಾತ್ರೆಯನ್ನು ಖಾಲಿ ಕೊಡಬಾರದು. ತುಂಬಿಸಲು ಏನಾದರೂ ಮಾಡುವವರೆಗೆ ಅದು ಅಲ್ಲೇ. ಬಾಯಿಬಿಟ್ಟು ಕೇಳುವುದು ಮರ್ಯಾದೆಯಲ್ಲ. ಆದರೆ ಅದು ನಾನು ಬಿ.ಎ. ಪಾಸಾದಾಗ ಅವ್ವ ಕೊಟ್ಟ ಬೋಗುಣಿ!

ಅರ್ಥಶಾಸ್ತ್ರ ಓದುವ ಮೊಮ್ಮಗಳು ರಜೆಗೆ ಬಂದಿದ್ದಳು. "ಆಯಿ, ಇದಕ್ಕ ಗೇಮ್ ಥಿಯರಿ ಐತಿ. ಯಾವ ತಂತ್ರ ನಡೀತೈತಿ ನೋಡೂಣು," ಎಂದಳು.

೧. ಸದಾ ಒಳ್ಳೆಯವರಾಗಿರುವುದು

ಗುರೆಳ್ಳು ಚಟ್ನಿ ಕಳಿಸಿದೆ, ಉಪ್ಪಿನಕಾಯಿ ಕಳಿಸಿದೆ, ಚಕ್ಕುಲಿಯನ್ನೂ ಕಳಿಸಿದೆ. ನಾಚಿಕೊಂಡಾದರೂ ಬೋಗುಣಿ ಕೊಟ್ಟಾರು ಎಂದು.

ವೈನಿ ಕಟ್ಟೆಯ ಮೇಲಿಂದ ಕೂಗಿದರು: "ಅಕ್ಕಾರ, ಇಷ್ಟೆಲ್ಲಾ ಬಾಂಡೆ ತುಂಬಸಾಕ ಅಡಗಿಯವರನ್ನ ಕರಸ್ಬೇಕಾಗ್ತೈತ್ರಿ!"

ಬೋಗುಣಿಗೆ ಜೊತೆಯಾಗಿ ನನ್ನ ಮೂರು ಡಬ್ಬಿಯೂ ಅಲ್ಲೇ ಉಳಿದವು.

೨. ಮುಯ್ಯಿಗೆ ಮುಯ್ಯಿ

"ಅವರು ಇಟ್ಕೊಂಡ್ರ ನೀನೂ ಇಟ್ಕೋ," ಎಂದಳು ಮೊಮ್ಮಗಳು. ವೈನಿಯಿಂದ ತಂದಿದ್ದ ಚಕ್ಕುಲಿ ಒತ್ತುವ ಅಚ್ಚನ್ನು ನಾನು ಕೊಡಲೇ ಇಲ್ಲ. ಈಗ ದಾರಿಗೆ ಬರುತ್ತಾರೆಂದು ಬೀಗುತ್ತಿದ್ದೆ.

"ಅಚ್ಚು ನಿಮ್ಮಲ್ಲೇ ಇರ್ಲಿ ಬಿಡ್ರಿ ಅಕ್ಕಾರ," ಎಂದರು ವೈನಿ. "ಹಬ್ಬಕ್ಕ ನಮ್ಮವೂ ನೀವ ಒತ್ತಿ ಕಳಸ್ರಿ."

ಒತ್ತಿ ಕಳಿಸಿದೆ.

೩. ಹುಸಿ ದಾಳ

"ಭಾನುವಾರ ಮೊಮ್ಮಗಳನ್ನ ನೋಡಾಕ ಬರಾಕತ್ತಾರ್ರಿ. ದೊಡ್ಡ ಬೋಗುಣಿ ಬೇಕಿತ್ತು," ಎಂದುಬಿಟ್ಟೆ ವೈನಿಗೆ. ಮೊಮ್ಮಗಳು ಹಿಂದಿನಿಂದ ನನ್ನ ಸೆರಗು ಜಗ್ಗಿದಳು.

"ಅಯ್ಯ, ಹುಡುಗಿಗೆ ವರಾ ನೋಡಾಕತ್ತೀರೇನ್ರಿ? ಮೊದಲ ಹೇಳಬಾರದೇನ್ರಿ!"

ಭಾನುವಾರ ಬೆಳಿಗ್ಗೆ ಬೋಗುಣಿ ಬಂತು, ಶೇಂಗಾ ಹೋಳಿಗೆ ತುಂಬಿಕೊಂಡು. ಅದರ ಬೆನ್ನಿಗೇ ಜುಗೂಳದಿಂದ ಒಂದು ಜೀಪು: ವೈನಿಯ ಅಣ್ಣ, ಅವರ ಹೆಂಡತಿ, ಮಗ, ಜೀಪಿನಲ್ಲಿ ಹಿಡಿಯುವಷ್ಟು ನೆಂಟರು.

"ಯಾರೋ ನೋಡೂಕಿಂತ ನಮ್ಮವರ ನೋಡ್ಲಿ ಅಂತ ಕರಸೀನ್ರಿ!" ವೈನಿಯ ಹಿಗ್ಗು ನೋಡಿ, ನಿಜವನ್ನು ನುಂಗಿಕೊಂಡು ಅವಲಕ್ಕಿ-ಚಹಾ ಮಾಡಲು ಒಳಗೆ ಹೋದೆ.

"ನಾ ಇನ್ನೂ ಓದಾಕಿ," ಎಂದಳು ಮೊಮ್ಮಗಳು. "ನನಗೂ ಈಗ ಲಗ್ನ ಬ್ಯಾಡಾಗೇತ್ರಿ," ಎಂದ ಹುಡುಗ. ಇಬ್ಬರೂ ನಕ್ಕರು. ನನ್ನ ಎದೆ ಹಗುರಾಯಿತು.

ನೆಂಟರು ಹೊರಡುವಾಗ ವೈನಿ, "ಮೊದಲ ಸಲ ಬಂದವರನ್ನ ಬರಿಗೈಲೆ ಕಳಸಬಾರದ್ರಿ ಅಕ್ಕಾರ," ಎನ್ನುತ್ತ ಉಳಿದ ಹೋಳಿಗೆಯನ್ನು ಬೋಗುಣಿ ಸಮೇತ ಜೀಪಿಗೆ ಏರಿಸಿದರು.

ಜೀಪು ಮರೆಯಾಯಿತು. "ಆಯಿ," ಎಂದಳು ಮೊಮ್ಮಗಳು, "ಇನ್ನ ಬೋಗುಣಿ ತರಬೇಕಂದ್ರ ನಾನ ಆ ಮನೀಗೆ ಸೊಸಿಯಾಗಿ ಹೋಗಬೇಕು ನೋಡು!"

ಅಂದು ಡೈರಿಯಲ್ಲಿ ಬರೆದೆ: ಒಟ್ಟು ತಗಲಿದ್ದು, ಮೂರು ಡಬ್ಬಿ, ಹಬ್ಬದ ಚಕ್ಕುಲಿ, ಒಂದು ಜೀಪು ಮಂದಿಗೆ ಅವಲಕ್ಕಿ-ಚಹಾ. ಮತ್ತು ಬೋಗುಣಿ.