ಗುಂಡಿಯೊಳಗಿನ ಪ್ರಜೆ

ತಡವಾಯಿತೆಂದು ದರ್ಜಿ ಓಡುತ್ತಿದ್ದ. ಉಡುಪು ಕಾರ್ಖಾನೆಯ ಮೇಲ್ವಿಚಾರಕ ಹಿಂದಿನ ದಿನವೇ ಗದರಿದ್ದ: "ನಾಳೆನೂ ಲೇಟಾದ್ರೆ ಬರೋದೇ ಬೇಡ." ಅದೇ ಗಾಬರಿಯಲ್ಲಿ ತಿರುವು ದಾಟಿ ಕಾಲಿಟ್ಟರೆ ಅಲ್ಲಿ ರಸ್ತೆಯೇ ಇರಲಿಲ್ಲ. ಪೈಪು ಹಾಕಲು ಅಗೆದು ಮರೆತಿದ್ದ ಗುಂಡಿ ಅವನನ್ನು ಮಾತ್ರೆ ನುಂಗಿದಂತೆ ನುಂಗಿತು. ಎಡಗಾಲು ಲಟಕ್ಕೆಂದಿತು.

ಕೂಗು ಕೇಳಿ ಮೊದಲು ಬಂದವರು ಎದುರುಮನೆಯ ನಿವೃತ್ತ ಮೇಷ್ಟ್ರು.

"ಕೈ ಕೊಡಿ ಮೇಷ್ಟ್ರೇ, ಕಾಲು ಮುರಿದಿದೆ!"

ಮೇಷ್ಟ್ರು ಬಗ್ಗಿದರು. ಅಷ್ಟರಲ್ಲಿ ದರ್ಜಿಯ ಭಾವಮೈದ ಓಡಿಬಂದು ಅವರ ರಟ್ಟೆ ಹಿಡಿದೆಳೆದ. ಶಾಸಕರ ಕಾರಿನ ಹಿಂದೆ ಜೈಕಾರ ಹಾಕುತ್ತ ಓಡುವುದೇ ಅವನ ಉದ್ಯೋಗ.

"ಮುಟ್ಬೇಡಿ! ಇವತ್ತು ಶಾಸಕರು ಇದೇ ದಾರೀಲಿ ಬರ್ತಿದ್ದಾರೆ!"

ಕಳೆದ ವರ್ಷ ಕುಡಿಯುವ ನೀರಿನ ಬಗ್ಗೆ, ಆಮೇಲೆ ಬೀದಿದೀಪದ ಬಗ್ಗೆ ಸದನದಲ್ಲಿ ಗುಡುಗಿದ್ದ ಶಾಸಕರು, ಈ ಸಲ ರಸ್ತೆ ಗುಂಡಿಗಳ ಮೇಲೆ ಕಾನೂನನ್ನೇ ತಂದಿದ್ದರು. ಕಾನೂನು ಹೊಚ್ಚಹೊಸದಾಗಿ ಹೊಳೆಯುತ್ತಿತ್ತು. ಬಿದ್ದವರೊಬ್ಬರು ಸಿಗಬೇಕಿತ್ತು, ಅಷ್ಟೇ.

"ಭಾವ, ಸ್ವಲ್ಪ ತಡ್ಕೊಳ್ಳಿ. ಅವರ ಕಣ್ಣಿಗೆ ಬಿದ್ರೆ ಆಸ್ಪತ್ರೆ, ಕೆಲಸ, ಎಲ್ಲಾ ಅವರೇ ನೋಡ್ಕೋತಾರೆ."

"ಬಿದ್ದಾಗಿದೆಯಲ್ಲೋ, ಇನ್ನೆಷ್ಟು ಬೀಳ್ಲಿ?"

ಹೆಂಡತಿ ಎದೆ ಬಡಿದುಕೊಂಡು ಬಂದಳು. "ಎತ್ತೋ ಅವರನ್ನ!" ಎಂದು ತಮ್ಮನ ಮೇಲೆ ರೇಗಿದಳು. ತಮ್ಮ ಕಿವಿಯಲ್ಲಿ ಏನೋ ಊದಿದ. ಅವಳು ಕಣ್ಣೊರೆಸಿಕೊಂಡು ಕೆಳಗೆ ಇಣುಕಿದಳು. "ರೀ, ಇಷ್ಟು ಹೊತ್ತು ಇದ್ದೀರಂತೆ, ಇನ್ನೊಂಚೂರು ಇರಿ."

ಮಧ್ಯಾಹ್ನ ಊಟದ ಡಬ್ಬಿ ಹಗ್ಗದಲ್ಲಿ ಇಳಿಯಿತು. ಹಗ್ಗ ಖಾಲಿಯಾಗಿ ಮೇಲೆ ಹೋಯಿತು. ಕಾಲು ಊದಿ ಕುಂಬಳಕಾಯಿಯಾಗಿತ್ತು. ಸಹೋದ್ಯೋಗಿಯೊಬ್ಬ ಬಂದು, "ನಿನ್ನ ಮೆಷಿನ್ನಿಗೆ ಬೇರೆಯವನ್ನ ಕೂರಿಸಿದ್ರು ಕಣಯ್ಯ" ಎಂದು ಹೇಳಿ, ಮರುಕಪಟ್ಟು ಹೊರಟುಹೋದ. ಬೇರೆ ಯಾರೂ ಬೀಳದಿರಲೆಂದು ಮೇಷ್ಟ್ರು ಗುಂಡಿಗೆ ಅಡ್ಡವಾಗಿ ಬೆಂಚು ತಂದಿಟ್ಟರು. ಕ್ಯಾಮೆರಾಕ್ಕೆ ಮರೆಯಾಗುತ್ತದೆಂದು ಭಾವಮೈದ ಅದನ್ನು ಎತ್ತಿಸಿದ.

ಸಂಜೆ ಶಾಸಕರು ಬಂದರು. ಗುಂಡಿಗೆ ಬೆನ್ನು ಮಾಡಿ, ಕ್ಯಾಮೆರಾಕ್ಕೆ ಮುಖ ಮಾಡಿ ಮಾತು ಶುರುಮಾಡಿದರು.

"ಈ ಬಡಪಾಯಿಯ ನರಳಾಟ ನನ್ನ ನರಳಾಟ..."

"ಇನ್ನೂ ಸ್ವಲ್ಪ ಹಿಂದೆ ಸಾರ್, ಇಬ್ಬರೂ ಬರ್ಬೇಕು," ಎಂದ ಫೋಟೋದವನು.

ಶಾಸಕರ ಹಿಮ್ಮಡಿ ಅಂಚಿಗೆ ಬಂದದ್ದು ದರ್ಜಿಗೆ ಕಂಡಿತು. "ಸಾರ್..." ಎಂದು ಬಾಯಿ ತೆರೆದ.

"ಶ್! ದೊಡ್ಡವರು ಮಾತಾಡೋವಾಗ ಸುಮ್ನಿರಿ ಭಾವ!"

ದರ್ಜಿ ಬಾಯಿ ಮುಚ್ಚಿದ. ಶಾಸಕರು ಧೊಪ್ಪನೆ ಅವನ ಮೇಲೇ ಬಂದು ಬಿದ್ದರು.

ಬೆಳಗಿನಿಂದ ಒಂದು ಕೈಯೂ ಹುಟ್ಟದಿದ್ದ ಜಾಗದಲ್ಲಿ ಈಗ ಏಣಿ, ಹಗ್ಗ, ನಲವತ್ತು ಕೈ ಹುಟ್ಟಿಕೊಂಡವು. ಶಾಸಕರು ದರ್ಜಿಯ ಹೆಗಲು ತುಳಿದು ಮೇಲೇರಿದರು. ಅವರ ಮಣಿಕಟ್ಟು ಉಳುಕಿತ್ತು. ಕಾರುಗಳೆಲ್ಲ ಅಳುತ್ತ ಆಸ್ಪತ್ರೆಗೆ ಹೋದವು.

ಗಲಾಟೆ ಇಳಿದ ಮೇಲೆ ಒಂದು ಕೈ ಕೆಳಗೆ ಬಂತು. ಇನ್ಸ್‌ಪೆಕ್ಟರರದು. ದರ್ಜಿಯನ್ನು ಮೇಲಕ್ಕೆಳೆದು ಕೂರಿಸಿದರು. ಅವನ ಕಣ್ಣು ತುಂಬಿ ಬಂತು.

"ದೊಡ್ಡ ಉಪಕಾರ ಆಯ್ತು ಸ್ವಾಮಿ."

"ಇಲ್ಲಿ ಗುಂಡಿ ಇದೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು ಸ್ವಾಮಿ? ಬೆಳಗಿನಿಂದ ಒಳಗೇ ಇದ್ದೀನಿ."

"ಶಾಸಕರು ಹಿಂದೆ ಬರ್ತಿದ್ದಿದ್ದು ಕಾಣಿಸ್ತಾ?"

"ಕಾಣಿಸ್ತು."

"ಹುಷಾರು ಅಂತ ಹೇಳಿದ್ಯಾ?"

ದರ್ಜಿ ಭಾವಮೈದನ ಮುಖ ನೋಡಿದ. ಭಾವಮೈದ ಆಕಾಶ ನೋಡಿದ.

"ಗುಂಡಿ ಇರೋದು ಗೊತ್ತಿದ್ದೂ ಎಚ್ಚರಿಸದೇ ಇದ್ದವನೇ ಹೊಣೆ. ಹೊಸ ಕಾನೂನು," ಎನ್ನುತ್ತ ಇನ್ಸ್‌ಪೆಕ್ಟರು ಕೋಳ ತೊಡಿಸಿದರು. ನಡೆಯಲಾಗದವನನ್ನು ಇಬ್ಬರು ಪೇದೆಗಳು ಎತ್ತಿಕೊಂಡರು.

"ಆಸ್ಪತ್ರೆಗಾ ಸ್ವಾಮಿ?"

"ಮೊದ್ಲು ಠಾಣೆ."

ಜೀಪು ಹೊರಟಿತು. ಭಾವಮೈದ ಅಭ್ಯಾಸಬಲದಿಂದ ಅದರ ಹಿಂದೆಯೂ ಓಡಿದ. "ಧೈರ್ಯವಾಗಿರಿ ಭಾವ! ಶಾಸಕರ ಕಾನೂನಿಗೆ ಸಿಕ್ಕ ಮೊದಲನೇ ಮನುಷ್ಯ ನೀವೇ!"