ಅಸ್ತು ದೇವತೆಗಳೂ ನಮ್ಮ ಸೋದರತ್ತೆಯೂ

ಹೆದರುವುದಕ್ಕೂ ಪ್ರತಿಭೆ ಬೇಕು ಸ್ವಾಮಿ! ನಮ್ಮ ಸೋದರತ್ತೆಗೆ ಅದು ಧಾರಾಳವಾಗಿತ್ತು. ಗಂಡ ತೀರಿಕೊಂಡ ಮೇಲೆ ಯಗಟಿಯಿಂದ ಕಡೂರಿಗೆ ಬಂದು, ತಾಯಿಯಿಲ್ಲದ ನನ್ನನ್ನು ಸಾಕಿದವಳು. ಅವಳಿಗೆ ಪಂಪ್ ಸ್ಟೌ ಭಯ, ರೈಲಿನ ಕೂಗು ಭಯ. ಆಸ್ಪತ್ರೆಯ ನರ್ಸು ಮನೆಗೆ ಬಂದರೆ ಬಾಗಿಲ ಸಂದಿಯಿಂದಲೇ, "ಇಲ್ಲಿ ಎಲ್ರೂ ಚೆನ್ನಾಗವ್ರೆ, ಮುಂದಿನ ಮನೆಗೆ ಹೋಗಮ್ಮಾ!" ಎನ್ನುತ್ತಿದ್ದಳು.

ಎಪ್ಪತ್ತರ ದಶಕದಲ್ಲಿ ಒಮ್ಮೆ ವೃದ್ಧರ ಪಿಂಚಣಿಗೆಂದು ತಾಲ್ಲೂಕು ಕಚೇರಿಗೆ ಕರೆದುಕೊಂಡು ಹೋದೆ.

"ಗಂಡ ಮಕ್ಕಳು ಯಾರೂ ಇಲ್ಲ ಅಂತ ಒಂದು ಮಾತು ಹೇಳಮ್ಮ, ಸಾಕು" ಎಂದರು ಗುಮಾಸ್ತರು.

ಅತ್ತೆ ಗಾಬರಿಯಿಂದ ಸೂರು ನೋಡಿದಳು. "ಬಿಡ್ತು ಅನ್ರೀ! ಅಸ್ತು ದೇವತೆಗಳು ಓಡಾಡ್ತಿರ್ತಾರೆ. ನಾನು ಯಾರೂ ಇಲ್ಲ ಅಂದು, ಅವ್ರು ಅಸ್ತು ಅಂದ್ಬಿಟ್ರೆ? ಇವ್ನಿಲ್ವಾ? ಇವ್ನ ಹೆಂಡ್ತಿ ಇಲ್ವಾ? ತೊಟ್ಟಿಲಲ್ಲಿ ಕೂಸಿಲ್ವಾ?"

ಕೊನೆಗೆ ಪಕ್ಕದ ಮನೆಯವರನ್ನೂ ತನ್ನವರ ಪಟ್ಟಿಗೆ ಸೇರಿಸಿಬಿಟ್ಟಳು! ಗುಮಾಸ್ತರು ಕೈಮುಗಿದರು. ಪಿಂಚಣಿ ಅಲ್ಲಿಗೇ ಮುಗಿಯಿತು.

ಅವಳ ಎರಡೂ ಕಣ್ಣಿಗೆ ವರ್ಷಗಳಿಂದ ಕವಿಯುತ್ತಿದ್ದ ಪೊರೆ ಅಷ್ಟರಲ್ಲಿ ಬಲಿಯಿತು. ಹೆಜ್ಜೆ ಸಪ್ಪಳದಿಂದ ನನ್ನನ್ನು ಗುರುತಿಸತೊಡಗಿದಳು. ಇನ್ನು ತಡಮಾಡಿದರೆ ಪೂರ್ತಿ ಕತ್ತಲೆಯೇ ಎಂದು ಡಾಕ್ಟರು ಹೇಳಿದ್ದರು. ತರೀಕೆರೆಯ ಸ್ಕೂಲಿನಲ್ಲಿ ಉಚಿತ ಕಣ್ಣಿನ ಶಿಬಿರವಿದೆ ಎಂದು ಜೀಪಿನಲ್ಲಿ ಕೂಗಿಕೊಂಡು ಹೋದಾಗ ನನಗೆ ಜೀವ ಬಂದಂತಾಯಿತು. ಅತ್ತೆ ಮಾತ್ರ ನಡುಮನೆಯ ಕಂಬ ತಬ್ಬಿ ಕೂತಳು.

"ಕಣ್ಣಿಗೆ ಚಾಕು ಹಾಕಿಸ್ಕೊಳ್ಳೋದಾ? ನಾನು ಒಲ್ಲೆ ಕಣೋ!"

ಹೆಂಡತಿ ನನ್ನನ್ನು ಹಿತ್ತಿಲಿಗೆ ಕರೆದಳು. "ಅವ್ರಿಗೆ ಚಾಕು ಭಯ ಅಲ್ಲ ಕಣ್ರೀ. ಅಲ್ಲಿ ಜೊತೆಗೊಬ್ರು ಇರ್ಲೇಬೇಕಂತೆ. ನಂಗೆ ಕೈಕೂಸು. ನೀವು ಮಿಲ್ಲಿಗೆ ಹೋಗ್ದಿದ್ರೆ ಕೂಲಿ ಇಲ್ಲ, ಒಲೆ ಹತ್ತಲ್ಲ ಅಂತ ಅಳ್ತಾ ಕೂತಿದ್ರು."

ಬಿಟ್ಟಿ ಸಿಗುವ ಕಣ್ಣೂ ನಮ್ಮಂಥವರ ಮನೆಗೆ ದುಬಾರಿ ನೋಡಿ! ಎಣ್ಣೆ ಮಿಲ್ಲಿನ ಮೇಸ್ತ್ರಿಯ ಬೈಗುಳ ತಿಂದು ಅತ್ತೆಯನ್ನು ಬಸ್ಸು ಹತ್ತಿಸಿದೆ.

ಆಪರೇಷನ್ ಕೋಣೆಗೆ ಅತ್ತೆ ಸುಮ್ಮನೆ ಹೋದಳು. ಹೊರಗೆ ಕಂಬ ತಬ್ಬಿ ಕೂತವನು ನಾನು. ಏನಾದರೂ ಹೆಚ್ಚುಕಡಿಮೆಯಾದರೆ? ಹಟ ಹಿಡಿದು ಕರೆತಂದವನು ನಾನೇ ಅಲ್ಲವೇ? ಕಣ್ಣಿನ ಪಟ್ಟಿ ಬಿಚ್ಚುವವರೆಗೂ ಅವಳ ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲ.

ಬಿಚ್ಚಿದರು, ದಪ್ಪ ಕನ್ನಡಕ ಹಾಕಿದರು. ಅತ್ತೆ ನನ್ನ ಮುಖವನ್ನು ಹತ್ತಿರಕ್ಕೆಳೆದುಕೊಂಡು ಕಿವಿಯ ಪಕ್ಕ ಸವರಿದಳು.

"ಅಯ್ಯೋ ಮಗಾ, ನರೆ ಬಂದ್ಬಿಟ್ಟದಲ್ಲೋ! ನಾನು ನೋಡ್ದಂಗೇ ನಿಂಗೆ ವಯಸ್ಸಾಗ್ಬಿಡ್ತಲ್ಲೋ!"

"ಅಜ್ಜೀ, ಅಳಬಾರದು, ಕಣ್ಣಿಗೆ ಕೆಟ್ಟದ್ದು!" ನರ್ಸು ಗದರಿಸಿದಳು.

ಅತ್ತೆ ಹೆದರಿ ತಕ್ಷಣ ಅಳು ನುಂಗಿದಳು. ಅವಳ ಪಾಲಿನದನ್ನೂ ನಾನೇ ಅಳಬೇಕಾಯಿತು.